ಮಾವನ ಕೆಮ್ಮು, ಮಗನ ಗಣಿ ಕೆಲಸ: ಓದುಗರ ಪ್ರಶ್ನೆಗಳಿಗೆ ಉತ್ತರ

ನೆಲದಡಿಯ ಕೆಲಸದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕೋಲಾರದ ಚಿನ್ನದ ಗಣಿಯಿಂದ ಬೆಂಗಳೂರಿಗೆ ಬಂದು ನೆಲೆಸಿದ ಮನೆಗಳವು. ನಾನು ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ವೆಂಟಿಲೇಶನ್ ವಿಭಾಗದಲ್ಲಿ ಇದ್ದವನು. ಕೆಳಗೆ ಗಾಳಿ ಎಷ್ಟು ಹರಿಯುತ್ತಿದೆ, ಬಿಸಿ ಎಷ್ಟು, ಧೂಳು ಎಷ್ಟು ಎಂದು ಅಳೆಯುವುದೇ ನನ್ನ ಕೆಲಸವಾಗಿತ್ತು. ಈಗ ರಾಮಮೂರ್ತಿನಗರದಲ್ಲಿ ಇದ್ದೇನೆ. ನಾನು ಡಾಕ್ಟರ್ ಅಲ್ಲ, ವಕೀಲನೂ ಅಲ್ಲ. ಗಣಿಯಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಪ್ರಶ್ನೆ: ಸರ್, ನಮ್ಮ ಮಾವ ಚಾಂಪಿಯನ್ ರೀಫ್ಸ್‌ನಲ್ಲಿ ಡ್ರಿಲ್ಲಿಂಗ್ ಕೆಲಸ ಮಾಡುತ್ತಿದ್ದರು. ಗಣಿ ಮುಚ್ಚಿದ ಮೇಲೆ ನಮ್ಮ ಜೊತೆಗೇ ಇದ್ದಾರೆ. ಎರಡು ವರ್ಷದಿಂದ ಒಣಕೆಮ್ಮು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಹತ್ತಿರದ ಕ್ಲಿನಿಕ್‌ನಲ್ಲಿ ಎಕ್ಸ್‌ರೇ ನೋಡಿ ಟಿ.ಬಿ. ಎಂದು ಆರು ತಿಂಗಳು ಮಾತ್ರೆ ಕೊಟ್ಟರು. ಕಫದ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಕೆಮ್ಮು ಹಾಗೇ ಇದೆ. ಗಣಿ ಬಿಟ್ಟು ಇಷ್ಟು ವರ್ಷ ಆದ ಮೇಲೂ ಆ ಧೂಳು ಕಾರಣ ಆಗುತ್ತಾ?
– ಹೆಸರು ಬೇಡ ಎಂದವರು, ಕೆ.ಆರ್.ಪುರ

ಉತ್ತರ: ಆಗುತ್ತೆ, ತಾಯಿ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಆದರೆ ನಿಮ್ಮ ಮಾವನ ಎದೆಯೊಳಗೆ ಸೇರಿದ ಧೂಳು ಅವತ್ತು ಹೊರಗೆ ಬರಲಿಲ್ಲ.

ಕೋಲಾರದಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪಟ್ಟಿಗಳಲ್ಲಿ. ಬೆಣಚುಕಲ್ಲು ಅಂದರೆ ಸಿಲಿಕಾ. ಅದನ್ನು ಕೊರೆದಾಗ, ಸಿಡಿಸಿದಾಗ, ಮೇಲೆ ಮಿಲ್ಲಿನಲ್ಲಿ ಪುಡಿ ಮಾಡಿದಾಗ ಧೂಳು ಏಳುತ್ತದೆ. ಕಣ್ಣಿಗೆ ಕಾಣುವ ಧೂಳು ಮೂಗು ಗಂಟಲಲ್ಲೇ ನಿಲ್ಲುತ್ತದೆ, ಕಫದ ಜೊತೆ ಹೊರಗೆ ಹೋಗುತ್ತದೆ. ಕೇಡು ಮಾಡುವುದು ಕಾಣದ ಧೂಳು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅಂಥ ಐದು ಪಾಲಿಗಿಂತ ಸಣ್ಣ ಕಣ ಅದು. ನೇರವಾಗಿ ಶ್ವಾಸಕೋಶದ ತುದಿಯವರೆಗೆ ಹೋಗಿ ಕೂರುತ್ತದೆ. ಅದನ್ನು ಕರಗಿಸಲು ದೇಹಕ್ಕೆ ಆಗುವುದಿಲ್ಲ. ಸುತ್ತ ಗಾಯವಾಗುತ್ತದೆ, ಗಾಯ ಗಂಟು ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಧೂಳಿನ ಕೆಲಸ ಬಿಟ್ಟ ಮೇಲೂ ಅದು ಬೆಳೆಯುತ್ತಲೇ ಹೋಗಬಹುದು. ಕೆಲವರಿಗೆ ನಿವೃತ್ತಿಯಾಗಿ ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಮೊದಲ ಸಲ ಉಸಿರು ಕಟ್ಟುತ್ತದೆ. ಆಗ ಯಾರಿಗೂ ಗಣಿ ನೆನಪಾಗುವುದಿಲ್ಲ. ವಯಸ್ಸಾಯ್ತು, ಬೆಂಗಳೂರಿನ ಹವೆ ಆಗಲಿಲ್ಲ, ಬೀಡಿ ಸೇದಿದ್ದರು ಎಂದು ಸುಮ್ಮನಾಗುತ್ತಾರೆ.

ಎಕ್ಸ್‌ರೇಯಲ್ಲಿ ಸಿಲಿಕೋಸಿಸ್‌ನ ಚುಕ್ಕೆಗಳೂ ಟಿ.ಬಿ.ಯ ಕಲೆಗಳೂ ಒಂದೇ ಥರ ಕಾಣಬಹುದು. ದಿನಾ ಟಿ.ಬಿ. ನೋಡುವ ಡಾಕ್ಟರಿಗೆ ಮೊದಲು ಟಿ.ಬಿ.ಯೇ ಹೊಳೆಯುವುದು ಸಹಜ. ಅವರನ್ನು ದೂರಬೇಡಿ. ಎದುರಿಗೆ ಕೂತ ಮುದುಕ ಅರ್ಧ ಆಯುಷ್ಯ ಬೆಣಚುಕಲ್ಲು ಕೊರೆದವನು ಎಂದು ಅವರಿಗೆ ಯಾರಾದರೂ ಹೇಳಿದ್ದರಾ? ಅದೇ ನನ್ನ ಪ್ರಶ್ನೆ. ಹಾಗಂತ ಟಿ.ಬಿ. ಇಲ್ಲವೇ ಇಲ್ಲ ಎಂದು ತೀರ್ಮಾನಿಸಿಬಿಡಬೇಡಿ. ಸಿಲಿಕಾ ಕೂತ ಶ್ವಾಸಕೋಶಕ್ಕೆ ಟಿ.ಬಿ. ಬೇರೆಯವರಿಗಿಂತ ಸುಲಭವಾಗಿ ಹತ್ತುತ್ತದೆ. ಎರಡೂ ಒಟ್ಟಿಗೆ ಇರಬಹುದು. ಡಾಕ್ಟರ್ ಮತ್ತೆ ಕಫ ಪರೀಕ್ಷೆ ಮಾಡಿಸಿ ಎಂದರೆ ಮಾಡಿಸಲೇಬೇಕು.

ಈಗ ನೀವು ಮಾಡಬೇಕಾದ್ದು. ಒಂದು ಸಂಜೆ ಮಾವನ ಪಕ್ಕ ಕೂತು ಒಂದು ಹಾಳೆಯಲ್ಲಿ ಅವರ ಕೆಲಸದ ಕಥೆ ಬರೆದುಕೊಳ್ಳಿ. ಯಾವ ಗಣಿ, ಯಾವ ಶಾಫ್ಟ್ (ಗಣಿಗೆ ಇಳಿಯುವ ಬಾವಿ), ಯಾವ ವರ್ಷದಿಂದ ಯಾವ ವರ್ಷದವರೆಗೆ. ಡ್ರಿಲ್ಲಿಂಗ್ ಎಷ್ಟು ವರ್ಷ, ಅದಕ್ಕೆ ಮುಂಚೆ ಏನು. ಧೂಳು ಏಳದಂತೆ ನೀರು ಹಾಯಿಸಿ ಕೊರೆಯುತ್ತಿದ್ದರಾ, ಒಣಗಲ್ಲು ಕೊರೆದದ್ದೂ ಉಂಟಾ. ಸಿಡಿಸಿದ ಮೇಲೆ ಎಷ್ಟು ಹೊತ್ತಿಗೆ ಒಳಗೆ ಹೋಗುತ್ತಿದ್ದರು. ಕಲ್ಲು ತುಂಬುವ ಕೆಲಸ ಅಥವಾ ಟಿಂಬರಿಂಗ್, ಅಂದರೆ ಬಂಡೆಗೆ ಮರದ ಆಸರೆ ಕೊಡುವ ಕೆಲಸ, ಮಾಡಿದ್ದರೆ ಅದನ್ನೂ ಸೇರಿಸಿ. ಡ್ರಿಲ್ಲರ್ ಎಬ್ಬಿಸಿದ ಧೂಳನ್ನು ಪಕ್ಕದವರೂ ಕುಡಿದಿರುತ್ತಾರೆ. ಮೊದಲಿಗೆ ಅವರು ಹೇಳದೆ ಇರಬಹುದು. ಕೆಮ್ಮು ಇದೆ ಎಂದರೆ ಮೇಲಿನ ಕೆಲಸಕ್ಕೆ ಹಾಕುತ್ತಾರೆ, ಅಂಡರ್‌ಗ್ರೌಂಡ್ ಭತ್ಯೆ ಹೋಗುತ್ತದೆ ಎಂದು ಹೆದರಿ ಎದೆನೋವು ಮುಚ್ಚಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆ ಅಭ್ಯಾಸ ಮುಪ್ಪಿನಲ್ಲೂ ಬಿಡುವುದಿಲ್ಲ. ಸಮಾಧಾನದಿಂದ ಕೇಳಿ.

ಆ ಹಾಳೆ, ಹಳೆಯ ಎಕ್ಸ್‌ರೇಗಳು, ಕೆಲಸದ ಗುರುತಿನ ಚೀಟಿ ಅಥವಾ ಪಿ.ಎಫ್. ಕಾಗದ, ಎಲ್ಲ ತೆಗೆದುಕೊಂಡು ಶ್ವಾಸಕೋಶದ ತಜ್ಞರ ಹತ್ತಿರ ಹೋಗಿ. ನಿಮ್ಹಾನ್ಸ್ ಪಕ್ಕದಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ, ಸರ್ಕಾರಿ ಆಸ್ಪತ್ರೆ. ಊದಿಸಿ ನೋಡುವ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿ, ಮಾಡಿಸಬೇಕಾ ಎಂದು ಕೇಳಿ. ಸಿ.ಟಿ. ಸ್ಕ್ಯಾನ್ ಬೇಕಾ ಬೇಡವಾ ಎಂದು ಅವರು ಹೇಳಲಿ. ಕೂತ ಸಿಲಿಕಾ ತೆಗೆಯುವ ಔಷಧಿ ಇಲ್ಲ. ಇದೆ ಎಂದು ಯಾರಾದರೂ ಹೇಳಿದರೆ ನಂಬಿ ದುಡ್ಡು ಕಳೆದುಕೊಳ್ಳಬೇಡಿ. ಆದರೆ ಉಸಿರು ಹಗುರ ಮಾಡುವ ಚಿಕಿತ್ಸೆ ಇದೆ. ಬೀಡಿ ಸಿಗರೇಟು ಪೂರ್ತಿ ನಿಲ್ಲಬೇಕು. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಬಗ್ಗೆ ಡಾಕ್ಟರನ್ನು ಕೇಳಿ. ಮನೆಗೆ ಬಣ್ಣ ಬಳಿಯುವಾಗ, ಟೈಲ್ಸ್ ಕತ್ತರಿಸುವಾಗ ಅವರನ್ನು ಬೇರೆ ಕಡೆ ಕಳಿಸಿ.

ಇನ್ನೊಂದು ಮಾತು. ಸಿಲಿಕೋಸಿಸ್ ಎಂದು ಖಚಿತವಾದರೆ ಅದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಮೈಸೂರು ಸರ್ಕಾರ 1940ರಲ್ಲೇ ಗಣಿ ಕೆಲಸಗಾರರ ಸಿಲಿಕೋಸಿಸ್‌ಗೆ ಪರಿಹಾರದ ನಿಯಮ ಮಾಡಿತ್ತು. ಕೆಲಸಗಾರರ ಪರಿಹಾರದ 1923ರ ಕಾಯ್ದೆಯ ಪಟ್ಟಿಯಲ್ಲೂ ಇದನ್ನು ಕೆಲಸದಿಂದ ಬರುವ ರೋಗ ಎಂದೇ ಸೇರಿಸಿದ್ದರು. ಅರ್ಜಿಗೆ ಕಾಲಮಿತಿ ಇರುತ್ತದೆ, ತಡ ಮಾಡಬೇಡಿ. ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕಾರ್ಮಿಕರಿಗೆ ಉಚಿತ ನೆರವು ಸಿಗುತ್ತದೆ. ಮುಚ್ಚಿದ ಗಣಿ ವಿರುದ್ಧ ಪರಿಹಾರ ಕೇಳುವುದು ಸುಲಭವಲ್ಲ ಎಂದು ಗೊತ್ತು. ಆದರೂ ಕಾಗದ ಬೇಕು. ಇವರ ಕಾಯಿಲೆ ಯಾವುದರಿಂದ ಬಂತು ಎಂದು ಎಲ್ಲಾದರೂ ಒಂದು ಕಡೆ ಬರೆದಿರಬೇಕು.

ಪ್ರಶ್ನೆ: ನಮ್ಮ ತಾತ ಗಣಿಯಲ್ಲಿ ತೀರಿಕೊಂಡರು. ‘ಏರ್‌ಬ್ಲಾಸ್ಟ್‌ನಲ್ಲಿ ಹೋದರು’ ಎಂದು ಅಜ್ಜಿ ಹೇಳುತ್ತಾರೆ, ಅದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಅದು ಮದ್ದು ಸಿಡಿದದ್ದಾ? ತಾತ ಏನಾದರೂ ತಪ್ಪು ಮಾಡಿದ್ದರಾ?
– ಕಾಲೇಜು ವಿದ್ಯಾರ್ಥಿ, ಜಯನಗರ

ಉತ್ತರ: ಇಲ್ಲಪ್ಪ, ಅದು ಮದ್ದಲ್ಲ. ನಿಮ್ಮ ತಾತನ ತಪ್ಪೂ ಅಲ್ಲ. ಕೆಜಿಎಫ್‌ನಲ್ಲಿ ಏರ್‌ಬ್ಲಾಸ್ಟ್ ಎನ್ನುತ್ತಿದ್ದದ್ದು ಇಂಜಿನಿಯರುಗಳು ರಾಕ್‌ಬರ್ಸ್ಟ್ ಎಂದು ಕರೆಯುವ ಅಪಘಾತಕ್ಕೆ. ಬಂಡೆ ತಾನಾಗಿಯೇ ಸಿಡಿಯುವುದು.

ಚಾಂಪಿಯನ್ ರೀಫ್ಸ್ ಮೂರು ಕಿಲೋಮೀಟರಿಗಿಂತ ಆಳದ ಗಣಿ. ಆ ಆಳದಲ್ಲಿ ಮೇಲಿನ ಬಂಡೆಯ ಭಾರವೇ ಒಂದು ಚದರ ಸೆಂಟಿಮೀಟರಿಗೆ 800 ಕೆಜಿ ಮೀರುತ್ತದೆ. ಕೋಟ್ಯಂತರ ವರ್ಷ ಬಂಡೆ ಅದನ್ನು ಹೊತ್ತು ನಿಂತಿದೆ. ನಾವು ಹೋಗಿ ಅದಿರು ತೆಗೆದು ಜಾಗ ಖಾಲಿ ಮಾಡುತ್ತೇವೆ. ಆ ಭಾರ ಎಲ್ಲಿಗೂ ಹೋಗುವುದಿಲ್ಲ, ಪಕ್ಕದ ಬಂಡೆಯ ಮೇಲೆ ಬೀಳುತ್ತದೆ. ಅದು ತಡೆಯುವಷ್ಟು ತಡೆಯುತ್ತದೆ. ಆಮೇಲೆ ಒಂದು ಕ್ಷಣದಲ್ಲಿ ಚೂರುಚೂರಾಗಿ ದಾರಿಯೊಳಕ್ಕೆ ನುಗ್ಗುತ್ತದೆ. ಬೆಂಕಿ ಬೇಕಿಲ್ಲ, ಕಿಡಿ ಬೇಕಿಲ್ಲ. ಗಾಳಿಯ ಹೊಡೆತಕ್ಕೆ ದೂರ ನಿಂತವರೂ ಬೀಳುತ್ತಾರೆ. ಎಲ್ಲಕ್ಕಿಂತ ಅಪಾಯ, ಎರಡು ಕಡೆಯಿಂದಲೂ ಅದಿರು ತೆಗೆಯುತ್ತಾ ಬಂದು ನಡುವೆ ಉಳಿದ ಸಣ್ಣ ತುಂಡು ಬಂಡೆ. ಸುತ್ತಲ ಭಾರವೆಲ್ಲ ಅದರ ಮೇಲೆಯೇ ಇರುತ್ತದೆ.

ಇದನ್ನು ತಡೆಯಲು ಗಣಿಯವರು ಏನೂ ಮಾಡಲಿಲ್ಲ ಎಂದಲ್ಲ. ತೆಗೆದ ಜಾಗಕ್ಕೆ ಗ್ರಾನೈಟ್ ಕಲ್ಲು ಕಟ್ಟಿ ತುಂಬಿದರು, ಆಮೇಲೆ ಕಾಂಕ್ರೀಟ್ ತುಂಬಿದರು. ಯಾವ ಕಡೆಯಿಂದ ಮೊದಲು ತೆಗೆಯಬೇಕು ಎಂಬ ಕ್ರಮವನ್ನೇ ಬದಲಾಯಿಸಿದರು. ಬಂಡೆ ಸಣ್ಣಗೆ ಬಿರಿಯುವ ಸದ್ದನ್ನು ಹಿಡಿಯುವ ಉಪಕರಣಗಳನ್ನು ಕೂರಿಸಿದರು. 1988ರಲ್ಲಿ ಕೆಜಿಎಫ್‌ನಲ್ಲೇ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಶುರುವಾಯಿತು. ಈಗ ಅದರ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಸುರಂಗ, ಅಣೆಕಟ್ಟು, ಗಣಿ ಎಲ್ಲಕ್ಕೂ ಅವರ ಸಲಹೆ ಬೇಕು. ಅವರ ಆ ತಿಳಿವಳಿಕೆಯ ಬುಡದಲ್ಲಿ ನಿಮ್ಮ ತಾತನಂಥವರ ಸಾವುಗಳಿವೆ. ಇದನ್ನು ನಾನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಆದರೆ ಇಂಥ ಜಾಗ, ಇಂಥ ಗಂಟೆ ಎಂದು ಮುಂಚಿತವಾಗಿ ಹೇಳಲು ನಮ್ಮ ಕಾಲದಲ್ಲಿ ಯಾರಿಗೂ ಆಗಲಿಲ್ಲ. ಗಣಿ ಮುಚ್ಚಿ ಒಳಗೆ ನೀರು ತುಂಬಿದ ಮೇಲೂ ಅಲ್ಲಿ ನೆಲ ಅದುರಿದ್ದಿದೆ.

ಅಜ್ಜಿ ಯಾಕೆ ಜಾಸ್ತಿ ಹೇಳುವುದಿಲ್ಲ ಎಂದು ನನಗೆ ಅರ್ಥವಾಗುತ್ತದೆ. ದೊಡ್ಡ ಏರ್‌ಬ್ಲಾಸ್ಟ್ ಆದರೆ ಮೇಲೆ ಕಾರ್ಮಿಕರ ಸಾಲು ಮನೆಗಳಲ್ಲಿ ಪಾತ್ರೆ ಉರುಳುತ್ತಿದ್ದವು. ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಹೆಂಗಸರು ಒಲೆ ಆರಿಸಿ ಶಾಫ್ಟ್ ಕಡೆ ಓಡುತ್ತಿದ್ದರು. ಯಾವ ಲೆವೆಲ್, ಯಾವ ಶಿಫ್ಟ್ ಎಂದು ಕೇಳುತ್ತಾ ಗೇಟಿನ ಹೊರಗೆ ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಕಲ್ಲು ಸರಿಸಿ ಒಳಗೆ ಹೋಗಲು ಕೆಲವು ಸಲ ದಿನಗಳೇ ಹಿಡಿಯುತ್ತಿದ್ದವು. ಅವರನ್ನು ಕೆದಕಿ ಕೇಳಬೇಡಿ. ತಾತ ಯಾವ ಗಣಿ, ಯಾವ ಕೆಲಸ, ಅವರ ಜೊತೆ ಯಾರಿದ್ದರು, ಇಷ್ಟು ಕೇಳಿ. ಉಳಿದದ್ದು ಬಂದರೆ ತಾನಾಗಿ ಬರಲಿ.

ಪ್ರಶ್ನೆ: ಮಕ್ಕಳಿಗೆ ಪಾಠ ಮಾಡುವಾಗ ಬೆಂಗಳೂರಿಗೂ ಕೆಜಿಎಫ್‌ಗೂ ಇರುವ ನಂಟನ್ನು ಹೇಳಬೇಕು. ಚಿಕ್ಕದಾಗಿ ತಿಳಿಸುತ್ತೀರಾ?
– ಶಿಕ್ಷಕಿ, ಮಲ್ಲೇಶ್ವರ

ಉತ್ತರ: ಮೊದಲು ಕರೆಂಟಿನ ಕಥೆ ಹೇಳಿ, ಮೇಡಂ. ಶಿವನಸಮುದ್ರದಲ್ಲಿ ಕಾವೇರಿಯಿಂದ ತಯಾರಾದ ವಿದ್ಯುತ್ 1902ರಲ್ಲಿ ಮೊದಲು ಹೋದದ್ದು ಕೆಜಿಎಫ್‌ಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಗಣಿಗೆ ಅಷ್ಟು ಅವಸರ ಯಾಕೆ ಎಂದು ಮಕ್ಕಳು ಕೇಳಬೇಕು. ಜನರನ್ನು ಇಳಿಸಿ ಏರಿಸುವ ಕೇಜ್ ಎಳೆಯಲು, ನೀರೆತ್ತಲು, ಕಲ್ಲು ಪುಡಿ ಮಾಡಲು ಕರೆಂಟು ಬೇಕಿತ್ತು. ಆಮೇಲೆ ಆಳ ಹೆಚ್ಚಿದ ಹಾಗೆ ತಂಪು ಗಾಳಿ ತಳ್ಳಲೂ ಬೇಕಾಯಿತು. ಅತಿ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಫ್ಯಾನ್ ನಿಂತರೆ ಅಲ್ಲಿ ಮನುಷ್ಯ ಹೆಚ್ಚು ಹೊತ್ತು ಬದುಕುವುದಿಲ್ಲ.

ಲ್ಯಾವೆಲ್ ರಸ್ತೆ ಗೊತ್ತಲ್ವಾ? 1870ರ ದಶಕದಲ್ಲಿ ಕೋಲಾರದಲ್ಲಿ ಗಣಿ ತೋಡಲು ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ ಮೈಕೆಲ್ ಲ್ಯಾವೆಲ್ ಹೆಸರು ಅದು. ಪರವಾನಗಿ ಪಡೆದವರ ಹೆಸರಿನ ರಸ್ತೆ ಇದೆ. ಕೆಳಗಿಳಿದು ಅಗೆದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಬಡವರು, ಅವರಲ್ಲೂ ಬಹಳ ಮಂದಿ ದಲಿತರು. ಅವರ ಹೆಸರಿನ ರಸ್ತೆ ನಮ್ಮ ಊರಲ್ಲಿ ನನಗೆ ಕಂಡಿಲ್ಲ. ಇದನ್ನೂ ಮಕ್ಕಳಿಗೆ ಹೇಳಿ. 1965ರಲ್ಲಿ ಇದೇ ಗಣಿಯ ಆಳದಲ್ಲಿ ವಿಜ್ಞಾನಿಗಳು ವಾತಾವರಣದಿಂದ ಬರುವ ನ್ಯೂಟ್ರಿನೋ ಕಣಗಳನ್ನು ಪತ್ತೆ ಮಾಡಿದರು. ಗಣಿ ಮುಚ್ಚಿದ ಮೇಲೆ ಅಲ್ಲಿನ ಮಕ್ಕಳು ಮೊಮ್ಮಕ್ಕಳು ಕೆಜಿಎಫ್‌ನ ಮಾರಿಕುಪ್ಪಂ ನಿಲ್ದಾಣದಿಂದ ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಿದ್ದಾರೆ. ನಿಮ್ಮ ಶಾಲೆಯ ಹತ್ತಿರದ ಯಾವುದೋ ಆಸ್ಪತ್ರೆಯಲ್ಲಿ, ಆಫೀಸಿನಲ್ಲಿ ಅವರು ಇದ್ದೇ ಇರುತ್ತಾರೆ.

ಪ್ರಶ್ನೆ: ಮಗ ಮೈನಿಂಗ್ ಡಿಪ್ಲೊಮಾ ಮುಗಿಸಿದ್ದಾನೆ. ಹಟ್ಟಿ ಚಿನ್ನದ ಗಣಿಗೆ ಅರ್ಜಿ ಹಾಕುತ್ತೇನೆ ಎನ್ನುತ್ತಾನೆ. ನಮ್ಮ ಮನೆಯಲ್ಲಿ ಯಾರೂ ಗಣಿ ಕಂಡವರಲ್ಲ. ನನಗೆ ನಿದ್ದೆ ಬರುತ್ತಿಲ್ಲ. ಬೇಡ ಎನ್ನಲಾ?
– ಒಬ್ಬ ತಾಯಿ, ಬಸವೇಶ್ವರನಗರ

ಉತ್ತರ: ಬೇಡ ಎನ್ನಬೇಡಿ, ಅಮ್ಮಾ. ಕಲಿತ ಹುಡುಗ ಗಣಿಗೆ ಹೋಗಬೇಕು. ಕಲಿತವರು ಇಳಿದಷ್ಟೂ ಜೊತೆಗೆ ಇಳಿಯುವವರಿಗೆ ಒಳ್ಳೆಯದು. ಹಟ್ಟಿ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನಲ್ಲಿದೆ, ರಾಜ್ಯ ಸರ್ಕಾರದ ಕಂಪನಿ. ಆಳ ಚಾಂಪಿಯನ್ ರೀಫ್ಸ್‌ನ ಸುಮಾರು ಮೂರನೇ ಒಂದು ಭಾಗ. ಹಾಗಾಗಿ ನಾನು ಮೇಲೆ ಹೇಳಿದ ಭಾರ, ಬಿಸಿ ಎರಡೂ ಅಲ್ಲಿ ಅಷ್ಟಿಲ್ಲ. ಆದರೆ ಗಣಿ ಗಣಿಯೇ. ಈ ಮುಂದಿನದನ್ನು ಮಗನಿಗೆ ಓದಿಸಿ.

ತಮ್ಮಾ, ಕೆಲಸದ ಜಾಗಕ್ಕೆ ಹೋದ ಕೂಡಲೇ ತಲೆ ಮೇಲಿನ ಬಂಡೆಯನ್ನು ಹಾರೆಯಿಂದ ಬಡಿದು ನೋಡು. ತೆಂಗಿನಕಾಯಿ ಬಡಿದು ನೋಡಿದ ಹಾಗೆಯೇ, ಸದ್ದೇ ಹೇಳುತ್ತದೆ. ಗಣಗಣ ಎಂದರೆ ಗಟ್ಟಿ, ಟೊಳ್ಳು ಸದ್ದು ಬಂದರೆ ಬಂಡೆ ಬಿಟ್ಟಿದೆ. ಬಿಟ್ಟ ಕಲ್ಲನ್ನು ಕೆಡವಿದ ಮೇಲೆಯೇ ಕೆಲಸ. ನಿನ್ನ ಮೇಸ್ತ್ರಿ ನಿನಗಿಂತ ಕಡಿಮೆ ಓದಿರಬಹುದು, ಆದರೆ ಅವನ ಕಿವಿ ನಿನಗಿಂತ ಚೆನ್ನಾಗಿ ಕಲಿತಿದೆ. ಅವನು ಬೇಡ ಎಂದ ಜಾಗಕ್ಕೆ ಹೋಗಬೇಡ. ಹಿಂದಿನ ಶಿಫ್ಟಿನವರು ಸಿಡಿಸಿದ ತೂತಿನ ಬುಡ ಉಳಿದಿರುತ್ತದೆ. ಅದರಲ್ಲಿ ಮತ್ತೆ ಡ್ರಿಲ್ ಇಡಬೇಡ, ಇಡಲು ಬಿಡಬೇಡ. ಸಿಡಿಯದೆ ಉಳಿದ ಮದ್ದು ಒಳಗೆ ಇರಬಹುದು. ಸಿಡಿಸಿದ ಮೇಲೆ ಹೊಗೆ ಕಾಣದಿದ್ದರೂ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗಾಳಿ ಪೂರ್ತಿ ಬದಲಾಗುವ ತನಕ ಕಾಯಬೇಕು. ಟಾರ್ಗೆಟ್ ಇದೆ ಎಂದು ಯಾರು ಅವಸರ ಮಾಡಿದರೂ ಕಾಯಬೇಕು. ನೀರಿಲ್ಲದೆ ಡ್ರಿಲ್ ಓಡಿಸಲು ಬಿಡಬೇಡ.

ಬಿಸಿಗೂ ನಿಯಮ ಇದೆ. 1961ರ ಲೋಹ ಗಣಿಗಳ ನಿಯಮಾವಳಿಯಲ್ಲಿ ಒದ್ದೆ ಬಲ್ಬಿನ ಉಷ್ಣತೆ, ಅಂದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣತೆ, 33.5 ಡಿಗ್ರಿ ದಾಟಬಾರದು ಎಂದು ಬರೆದಿದೆ. 30.5 ದಾಟಿದರೆ ಗಾಳಿ ಸೆಕೆಂಡಿಗೆ ಒಂದು ಮೀಟರಿನ ವೇಗದಲ್ಲಾದರೂ ಹರಿಯಬೇಕು. ಈ ಎರಡು ಸಂಖ್ಯೆಗಳಿಗಾಗಿ ನಾನು ಮೇಲಿನವರ ಜೊತೆ ಎಷ್ಟೋ ಸಲ ವಾದ ಮಾಡಿದ್ದೇನೆ. ನೀನೂ ಬಾಯಿಪಾಠ ಮಾಡಿಕೋ. ಸೇರುವ ಮುಂಚೆ ಮತ್ತು ಆಮೇಲೆ ಐದೈದು ವರ್ಷಕ್ಕೆ ಎದೆಯ ಎಕ್ಸ್‌ರೇ ಸಮೇತ ಪರೀಕ್ಷೆ ಮಾಡುವ ಪದ್ಧತಿ 1955ರ ಮೈನ್ಸ್ ರೂಲ್ಸ್‌ನಿಂದ ಬಂದದ್ದು. ಪ್ರತಿ ಸಲವೂ ವರದಿಯ ನಕಲು ಕೇಳಿ ಪಡೆದು ಮನೆಗೆ ಕಳಿಸು. ಅಮ್ಮ ಒಂದು ಫೈಲ್ ಮಾಡಿ ಇಟ್ಟುಕೊಳ್ಳಲಿ.

ಇದೇ ವಿಷಯಕ್ಕೆ ಬನಶಂಕರಿಯ ಒಬ್ಬ ಹುಡುಗಿ ಹೆಣ್ಣುಮಕ್ಕಳೂ ಕೆಳಗಿಳಿಯಬಹುದಾ ಎಂದು ಕೇಳಿದ್ದಾಳೆ. 2019ರಿಂದ ಇಳಿಯಬಹುದು, ಮಗಳೇ. ತಾಂತ್ರಿಕ, ಮೇಲ್ವಿಚಾರಣೆ ಮತ್ತು ಆಡಳಿತದ ಕೆಲಸಗಳಿಗೆ ಕೇಂದ್ರ ಸರ್ಕಾರ ಅವಕಾಶ ಕೊಟ್ಟಿತು. ಖಂಡಿತ ಓದು.

ಪ್ರಶ್ನೆ: ಗೆಳೆಯರೆಲ್ಲ ಸೇರಿ ಕೆಜಿಎಫ್‌ಗೆ ಬೈಕಿನಲ್ಲಿ ಹೋಗಿ ಹಳೆಯ ಸುರಂಗದೊಳಗೆ ವಿಡಿಯೊ ಮಾಡಬೇಕು ಅಂತಿದ್ದೇವೆ. ಯಾವ ಜಾಗ ಸೇಫ್?
– ಯುವಕ, ಎಚ್.ಎಸ್.ಆರ್. ಬಡಾವಣೆ

ಉತ್ತರ: ಯಾವುದೂ ಅಲ್ಲ. ಫ್ಯಾನ್ ನಿಂತ ಗಣಿಯಲ್ಲಿ ಕೊಳೆತ ಮರ, ತುಕ್ಕು ಹಿಡಿದ ಕಬ್ಬಿಣ ಎಲ್ಲವೂ ಆಮ್ಲಜನಕ ತಿನ್ನುತ್ತವೆ. ಗಾಳಿಯಲ್ಲಿ ಆಮ್ಲಜನಕ ಸುಮಾರು 21 ಶೇಕಡಾ ಇರುತ್ತದೆ. ಗಣಿ ನಿಯಮದ ಪ್ರಕಾರ 19ಕ್ಕಿಂತ ಕಡಿಮೆ ಇದ್ದರೆ ಅಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಮುಚ್ಚಿದ ಸುರಂಗದಲ್ಲಿ ಅದು ಎಷ್ಟಕ್ಕೆ ಇಳಿದಿದೆ ಎಂದು ನಿಮಗೆ ಗೊತ್ತಾಗುವುದಿಲ್ಲ. ಉಸಿರು ಕಟ್ಟಿದ ಹಾಗೂ ಅನ್ನಿಸುವುದಿಲ್ಲ, ನೇರ ಕಾಲು ಕುಸಿಯುತ್ತದೆ. ಎಳೆಯಲು ಹೋದ ಗೆಳೆಯನೂ ಅಲ್ಲೇ ಬೀಳುತ್ತಾನೆ. ಕಬ್ಬಿಣ ಕದಿಯಲು ಇಳಿದವರು ಹೀಗೇ ಸತ್ತಿದ್ದಾರೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳನ್ನು, ಅಂದರೆ ಸೈನೈಡ್ ದಿಬ್ಬಗಳನ್ನೂ, ಹತ್ತಬೇಡಿ. ಊರು ನೋಡಿ, ಜನರ ಜೊತೆ ಮಾತಾಡಿ. ಶಾಫ್ಟ್ ಕಡೆ ಹೋಗಬೇಡಿ.

ಪ್ರಶ್ನೆ: ನಾನು ಗಣಿಯವನಲ್ಲ. ಅಡುಗೆಮನೆಯ ಸ್ಲ್ಯಾಬ್ ಕತ್ತರಿಸುವ ಕೆಲಸ. ಗ್ರಾನೈಟ್ ಜೊತೆ ಈಗ ಕ್ವಾರ್ಟ್ಜ್ ಸ್ಲ್ಯಾಬ್ ಜಾಸ್ತಿ ಬರುತ್ತಿದೆ. ಮುಖಕ್ಕೆ ಕರ್ಚೀಫ್ ಕಟ್ಟಿಕೊಳ್ಳುತ್ತೇನೆ. ಸಾಕಾ?
– ಕೆಲಸಗಾರ, ಜಿಗಣಿ

ಉತ್ತರ: ಸಾಲದು. ಈ ಸಲದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೆ ತಳ್ಳಿದ್ದು ನಿಮ್ಮ ಪತ್ರ. ಮಾವನ ಕೆಮ್ಮಿನ ಬಗ್ಗೆ ಮೊದಲು ಬರೆದೆನಲ್ಲ, ಅದೇ ಧೂಳು ನೀವು ಕುಡಿಯುತ್ತಿರುವುದು. ಗ್ರಾನೈಟಿನಲ್ಲಿ ಸಿಲಿಕಾ ಸುಮಾರು ಮೂರನೇ ಒಂದು ಭಾಗ. ಕಾರ್ಖಾನೆಯಲ್ಲಿ ಅಂಟು ಹಾಕಿ ಮಾಡಿದ ಕ್ವಾರ್ಟ್ಜ್ ಸ್ಲ್ಯಾಬಿನಲ್ಲಿ ಅದು 90 ಶೇಕಡಾ ಮೀರಬಹುದು. ಗಣಿಯಲ್ಲಿ ಇಪ್ಪತ್ತು ವರ್ಷಕ್ಕೆ ಬರುತ್ತಿದ್ದ ಕಾಯಿಲೆ ಈ ಕೆಲಸದಲ್ಲಿ ಕೆಲವೇ ವರ್ಷಕ್ಕೆ ಬರುತ್ತದೆ. ಯುವಕರೇ ಸತ್ತಿದ್ದಾರೆ. ಆಸ್ಟ್ರೇಲಿಯಾ 2024ರ ಜುಲೈನಿಂದ ಈ ಸ್ಲ್ಯಾಬನ್ನೇ ನಿಷೇಧಿಸಿದೆ.

ಕರ್ಚೀಫ್ ದೊಡ್ಡ ಧೂಳನ್ನು ಮಾತ್ರ ತಡೆಯುತ್ತದೆ. ಒಣಗಿದ ಕಲ್ಲಿಗೆ ಕಟಿಂಗ್ ಮೆಷಿನ್ ಇಡಬೇಡಿ. ಬ್ಲೇಡಿನ ಮೇಲೆ ನೀರು ಸತತವಾಗಿ ಬೀಳುತ್ತಿರಬೇಕು. ಗ್ರಾಹಕರ ಮನೆಯಲ್ಲಿ ಸಿಂಕಿಗೆ ತೂತು ಕೊರೆಯುವಾಗಲೂ ಅಷ್ಟೇ. ಮಾಸ್ಕ್ ಎನ್95ಕ್ಕಿಂತ ಕಡಿಮೆಯದು ಬೇಡ, ಗಡ್ಡ ಇದ್ದರೆ ಅದು ಸರಿಯಾಗಿ ಕೂರುವುದಿಲ್ಲ. ಸಂಜೆ ಬಟ್ಟೆಯ ಧೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದಿಸಬೇಡಿ. ನೆಲ ಗುಡಿಸಬೇಡಿ, ನೀರು ಹಾಕಿ ತೊಳೆಯಿರಿ. ಮನೆಗೆ ಹೋಗುವ ಮುಂಚೆ ಬಟ್ಟೆ ಬದಲಾಯಿಸಿ, ಮಗುವನ್ನು ಎತ್ತಿಕೊಳ್ಳುವುದು ಆಮೇಲೆ. ಈ ತಿಂಗಳೇ ಒಂದು ಎದೆಯ ಎಕ್ಸ್‌ರೇ ತೆಗೆಸಿ, ಡಾಕ್ಟರಿಗೆ ನಿಮ್ಮ ಕೆಲಸ ಏನೆಂದು ಬಿಡಿಸಿ ಹೇಳಿ.

ನಿಮ್ಮ ಮಾಲೀಕರಿಗೆ ಈ ಪುಟ ತೋರಿಸಿ. ನೀರಿನ ಪೈಪ್ ಮತ್ತು ಮಾಸ್ಕಿನ ಖರ್ಚು ಅವರದು, ನಿಮ್ಮದಲ್ಲ. ಅವರು ಒಪ್ಪದಿದ್ದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ದೂರು ಕೊಡಬಹುದು. ಅರ್ಜಿ ಬರೆಯಲು ಬಾರದಿದ್ದರೆ ನನಗೆ ಮತ್ತೆ ಒಂದು ಕಾಗದ ಹಾಕಿ, ನಾನೇ ಬರೆದುಕೊಡುತ್ತೇನೆ.